ಸವಾಯಿ ಗಂಧರ್ವ

ಸವಾಯಿ ಗಂಧರ್ವ (ಜನವರಿ ೧೯, ೧೮೮೬ – ಸೆಪ್ಟೆಂಬರ್ ೧೨, ೧೯೫೨) ಹಿಂದೂಸ್ತಾನಿ ಸಂಗೀತದ ಕಿರಾನಾ ಘರಾಣೆಯ ಪ್ರಮುಖ ಗಾಯಕರು ಹಾಗೂ ಮರಾಠಿ ರಂಗಭೂಮಿಯ ನಟರು. ಇವರ ಮೂಲ ಹೆಸರು ರಾಮಚಂದ್ರ ಗಣೇಶ ಕುಂದಗೋಳಕರ ಸೌಂಶಿ. ಪುಣೆಯ ಪ್ರಸಿದ್ಧ ಬಯಲು ಸಂಗೀತೋತ್ಸವವು ಇವರ ಸ್ಮರಣೆಯಲ್ಲಿ ಆರಂಭವಾಯಿತು.

ಜನನ ಮತ್ತು ಶಿಕ್ಷಣ

ರಾಮಚಂದ್ರರು ಇಂದಿನ ಧಾರವಾಡ ಜಿಲ್ಲೆಯ ಕುಂದಗೋಳದಲ್ಲಿ ಜನಿಸಿದರು. ಆಗ ಆ ಊರು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಬಳವಂತರಾವ್ ಕೊಲ್ಹಟಕರರಲ್ಲಿ ಮೊದಲ ಪಾಠವಾಯಿತು. ೧೮೯೮ರಲ್ಲಿ ಅವರು ತೀರಿಕೊಂಡ ಬಳಿಕ ಉಸ್ತಾದ್ ಅಬ್ದುಲ್ ಕರೀಂ ಖಾನರ ಶಿಷ್ಯತ್ವ ದೊರೆಯಿತು. ಶಿಷ್ಯನ ಕಂಠ ಸಹಜವಾಗಿ ಹಾಡಿಕೆಗೆ ಒಗ್ಗುವಂಥದ್ದಾಗಿರಲಿಲ್ಲ. ವರ್ಷಗಟ್ಟಲೆ ನಡೆಸಿದ ಕಠಿಣ ಸಾಧನೆಯಿಂದಲೇ ಅವರು ಅದನ್ನು ಪಳಗಿಸಿಕೊಂಡರು. ಒಂದೊಂದೇ ಸ್ವರವನ್ನು ನಿಧಾನವಾಗಿ ಬೆಳೆಸುತ್ತ ರಾಗವನ್ನು ಅರಳಿಸುವ ಕಿರಾನಾ ಪದ್ಧತಿ ಅವರಲ್ಲಿ ನೆಲೆಗೊಂಡಿತು.

ರಂಗಭೂಮಿ

ಶಿಕ್ಷಣದ ನಂತರ ರಾಮಚಂದ್ರರು ಮರಾಠಿ ನಾಟಕ ಮಂಡಳಿಯನ್ನು ಸೇರಿದರು. ಇದು ಗುರುಗಳಿಗೆ ಒಪ್ಪಿಗೆಯಾಗಿರಲಿಲ್ಲ. ಆದರೂ ಸ್ತ್ರೀಪಾತ್ರಗಳಲ್ಲಿ, ಅದರಲ್ಲೂ 'ಸೌಭದ್ರ' ನಾಟಕದ ಸುಭದ್ರೆಯ ಪಾತ್ರದಲ್ಲಿ, ಅವರು ಜನಮನ್ನಣೆ ಗಳಿಸಿದರು. ಬಾಲಗಂಧರ್ವರು ಪ್ರಸಿದ್ಧರಾಗಿದ್ದ ಆ ಕಾಲದಲ್ಲಿ ರಸಿಕರು ಇವರನ್ನು 'ಸವಾಯಿ ಗಂಧರ್ವ' ಎಂದು ಕರೆದರು. ಸವಾಯಿ ಎಂದರೆ ಒಂದೂಕಾಲು ಪಟ್ಟು.

ಗುರುವಾಗಿ

ಇವರ ಹೆಸರು ಹೆಚ್ಚು ಕಾಲ ಉಳಿದದ್ದು ಶಿಷ್ಯರಿಂದ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬಂದು ಕಲಿಯುತ್ತಿದ್ದರು. ಭೀಮಸೇನ ಜೋಶಿ ಗುರುಗಳ ಮನೆಯಲ್ಲಿಯೇ ಇದ್ದು, ನೀರು ಹೊರುವುದೂ ಸೇರಿದಂತೆ ಮನೆಗೆಲಸಗಳನ್ನು ಮಾಡುತ್ತ ಅಭ್ಯಾಸ ನಡೆಸಿದರು. ಫಿರೋಜ್ ದಸ್ತೂರ್ ಮತ್ತು ಬಸವರಾಜ ರಾಜಗುರು ಸಹ ಇವರಲ್ಲಿ ಕಲಿತವರು. ೧೯೪೨ರಲ್ಲಿ ಪಾರ್ಶ್ವವಾಯು ತಗುಲಿ ಸವಾಯಿ ಗಂಧರ್ವರ ಸಾರ್ವಜನಿಕ ಗಾಯನ ನಿಂತುಹೋಯಿತು. ಆ ವೇಳೆಗೆ ಅವರ ವಿದ್ಯೆ ಶಿಷ್ಯರ ಕಂಠಗಳನ್ನು ಸೇರಿತ್ತು. ಹತ್ತು ವರ್ಷಗಳ ನಂತರ ಅವರು ಪುಣೆಯಲ್ಲಿ ನಿಧನರಾದರು.

ಸ್ಮರಣೆ

ಗುರುಗಳ ಪುಣ್ಯತಿಥಿಯ ನಿಮಿತ್ತ ಭೀಮಸೇನ ಜೋಶಿಯವರು ೧೯೫೩ರಲ್ಲಿ ಪುಣೆಯಲ್ಲಿ ಸಂಗೀತ ಸಭೆಯನ್ನು ಆರಂಭಿಸಿದರು. ಗುರುಗಳ ಅಳಿಯ ಡಾ. ನಾನಾಸಾಹೇಬ ದೇಶಪಾಂಡೆಯವರು ಇದಕ್ಕೆ ನೆರವಾದರು. ಆರ್ಯ ಸಂಗೀತ ಪ್ರಸಾರಕ ಮಂಡಳಿಯ ಆಶ್ರಯದಲ್ಲಿ ಬೆಳೆದ ಈ ಸಭೆ, ಶಾಲಾ ಮೈದಾನದ ಚಪ್ಪರದಡಿ ಸಾವಿರಾರು ಕೇಳುಗರು ಸೇರುವ ಉತ್ಸವವಾಯಿತು. ಮೊದಲು ಬೆಳಗಿನ ಜಾವದವರೆಗೂ ಕಛೇರಿಗಳು ನಡೆಯುತ್ತಿದ್ದವು. ಧ್ವನಿವರ್ಧಕಗಳ ಬಳಕೆಗೆ ಕಾಲಮಿತಿ ಬಂದ ಮೇಲೆ ಅವು ರಾತ್ರಿ ೧೦ ಗಂಟೆಗೆ ಮುಗಿಯತೊಡಗಿದವು. ಭೀಮಸೇನರು ೨೦೧೧ರಲ್ಲಿ ನಿಧನರಾದ ನಂತರ ಇದಕ್ಕೆ 'ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ' ಎಂಬ ಹೆಸರು ಬಂದಿತು. ಗುರುವಿನ ಹೆಸರಿನ ಜೊತೆ ಶಿಷ್ಯನ ಹೆಸರೂ ಸೇರಿತು. ಕುಂದಗೋಳದ ನಾಡಿಗೇರ ವಾಡೆಯಲ್ಲಿಯೂ ಇವರ ಸ್ಮರಣಾರ್ಥ ಸಂಗೀತೋತ್ಸವ ನಡೆದುಬಂದಿದೆ. ಹುಬ್ಬಳ್ಳಿಯ ಸಭಾಭವನವೊಂದಕ್ಕೆ ಇವರ ಹೆಸರನ್ನಿಡಲಾಗಿದೆ.