ಡಾಕ್ಟರ್ ಬುಕನನ್ ಮತ್ತು ನಮ್ಮ ಸೀಮೆಯ ಸಸ್ಯಸಂಪತ್ತು

ಶ್ರೀಖಂಡ ಬಾಸುಂದಿಗಳ ಮೇಲೆ ಉದುರಿಸುವ ಚಾರೋಳಿಯನ್ನು ನಮ್ಮ ವಾಚಕರಲ್ಲಿ ಅರಿಯದವರಿಲ್ಲ. ಆ ಮರದ ಕುಲಕ್ಕೆ ಸಸ್ಯಶಾಸ್ತ್ರಜ್ಞರು ಬುಕನಾನಿಯಾ ಎಂದು ಹೆಸರಿಟ್ಟಿರುವರು. ಕನ್ನಡ ನಾಡಿನ ಬೆಳೆಗಳನ್ನೂ ಗಿಡಮರಗಳನ್ನೂ ಊರೂರು ಸಂಚರಿಸಿ ಬರೆದಿಟ್ಟ ಡಾಕ್ಟರ್ ಫ್ರಾನ್ಸಿಸ್ ಬುಕನನ್ನನ ಸ್ಮರಣೆಯು ಹೀಗೆ ನಮ್ಮ ಅಡಿಗೆಮನೆಯಲ್ಲಿಯೂ ಉಳಿದಿರುವದು.

ಈತನು 1762ರಲ್ಲಿ ಸ್ಕಾಟ್ಲಂಡಿನಲ್ಲಿ ಜನಿಸಿ, ಎಡಿನ್‌ಬರೋದಲ್ಲಿ ವೈದ್ಯವನ್ನೂ ಅದರೊಡನೆ ಸಸ್ಯಶಾಸ್ತ್ರವನ್ನೂ ಕಲಿತನು. 1794ರಲ್ಲಿ ಕಂಪನಿಯ ಬಂಗಾಲದ ಚಾಕರಿಯನ್ನು ಸೇರಿ, ಮರುವರ್ಷ ರಾಯಭಾರಿಯ ಪರಿವಾರದೊಡನೆ ಬ್ರಹ್ಮದೇಶಕ್ಕೆ ಹೋಗಿ ಅಲ್ಲಿಯ ಗಿಡಗಳನ್ನು ಸಂಗ್ರಹಿಸಿದನು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಿತು. ಗೆದ್ದ ನಾಡಿನ ಸಂಪತ್ತೆಷ್ಟೆಂಬುದನ್ನು ತಿಳಿಯಬೇಕೆಂದು ಗವರ್ನರ್ ಜನರಲ್ ವೆಲ್ಲೆಸ್ಲಿಯು ಈತನನ್ನೇ ನಿಯಮಿಸಿದನು. 1800ರ ಏಪ್ರಿಲದಲ್ಲಿ ಮದ್ರಾಸಿನಿಂದ ಹೊರಟು, ಮೈಸೂರು, ಮಲಬಾರ, ಕನ್ನಡ ಜಿಲ್ಲೆಗಳನ್ನು ಸುತ್ತಿ, ಸೋಂದೆ ಬನವಾಸಿ ಹರಿಹರಗಳನ್ನು ಕಂಡು, 1801ರ ಜುಲೈದಲ್ಲಿ ಮರಳಿದನು. ಆ ದಿನಚರಿಯು 1807ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು.

ಕಂಪನಿಯ ಕಣ್ಣು ಕಂದಾಯದ ಮೇಲಿತ್ತೆಂಬುದನ್ನು ನಾವು ಮರೆಯಲಾರೆವು. ಆದರೂ ಒಕ್ಕಲಿಗನು ಬಿತ್ತುವ ಬೀಜವೆಷ್ಟು, ಕಾಡಿನ ಮರಕ್ಕೆ ಅಲ್ಲಿಯ ಜನರು ಕರೆಯುವ ಹೆಸರೇನು ಎಂಬುದನ್ನು ಈತನು ಕೇಳಿ ಕೇಳಿ ಬರೆದುಕೊಂಡ ನಿಷ್ಠೆಯು ಮೆಚ್ಚತಕ್ಕದ್ದೇ ಸರಿ.

ಕೊನೆಗೆ ಈತನಿಗೂ ನ್ಯಾಯ ದೊರೆಯಲಿಲ್ಲ. 1807ರಿಂದ ಏಳು ವರ್ಷ ಬಂಗಾಲ ಬಿಹಾರಗಳನ್ನು ಅಳೆದು, 1814ರಲ್ಲಿ ಕಲಕತ್ತೆಯ ಸಸ್ಯೋದ್ಯಾನದ ಅಧಿಕಾರಿಯಾದನು. ಮರುವರ್ಷ ಸ್ವದೇಶಕ್ಕೆ ಹೊರಟಾಗ, ತಾನು ಬರೆಯಿಸಿದ ಚಿತ್ರಗಳನ್ನು ಒಯ್ಯಲು ಸರಕಾರವು ಬಿಡಲಿಲ್ಲ. 1829ರಲ್ಲಿ ಈತನು ತೀರಿಕೊಂಡನು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಗೆ ಬುಕನನ್ನನು ಬರಲಿಲ್ಲ. ಅಂದು ಈ ಸೀಮೆಯು ಪೇಶವೆಯ ಮತ್ತು ಮರಾಠಾ ಸರದಾರರ ಅಧೀನದಲ್ಲಿತ್ತು. ಕಂಪನಿಯ ಗಡಿಯು ಮುಗಿದಲ್ಲಿ ಆತನ ಲೇಖನಿಯೂ ನಿಂತಿತು. ಮುಂಬಯಿ ಇಲಾಖೆಯ ಸಸ್ಯಗಳನ್ನೆಲ್ಲ ಕ್ರಮವಾಗಿ ವರ್ಣಿಸಿದ ಥಿಯೊಡೋರ್ ಕುಕ್ಕನ ಗ್ರಂಥವು ಹೊರಟದ್ದು 1901ರಿಂದ 1908ರ ಅವಧಿಯಲ್ಲಿ. ಗಡಿಯನ್ನು ರಾಜ್ಯಗಳು ಅರಿಯುವವೇ ಹೊರತು ಹುಲ್ಲು ಗಿಡಗಳು ಅರಿಯುವದಿಲ್ಲ. ಆದುದರಿಂದ ಒಂದು ಗಿಡವು ಪುಸ್ತಕದಲ್ಲಿ ಇಲ್ಲವೆಂದರೆ ನೆಲದಲ್ಲಿಯೂ ಇಲ್ಲವೆಂದು ಭಾವಿಸುವದು ತಪ್ಪು. ನೋಡತಕ್ಕವರು ಅಲ್ಲಿಗೆ ಹೋಗಿರಲಿಕ್ಕಿಲ್ಲ. ಹೊಸದಾಗಿ ಕಂಡುಬಂದಿತೆಂದು ದಾಖಲಾಗುವ ಅನೇಕ ಸಸ್ಯಗಳು ನಮ್ಮ ದನಗಾಹಿಗಳಿಗೆ ಹಳೆಯ ಪರಿಚಯದವು.

ಈಗ ಸಮಯವು ಕಡಿಮೆ ಇದೆ. ಆಲಮಟ್ಟಿಯ ಹಿನ್ನೀರು ಬೀಳಗಿಯ ಕೃಷ್ಣಾತೀರದ ಭೂಮಿಯನ್ನು ನುಂಗಿದೆ. ಜಮಖಂಡಿ ಮುಧೋಳಗಳ ಹೊಲಗಳನ್ನು ಕಬ್ಬು ಆವರಿಸಿದೆ. ಮುಳುಗಿದ ದಂಡೆಯಲ್ಲಿ ಯಾವ ಹುಲ್ಲು ಬೆಳೆದಿತ್ತೆಂದು ಇನ್ನು ಹೋಗಿ ನೋಡುವಂತಿಲ್ಲ. ಉಳಿದ ಗುಡ್ಡ, ಹಳ್ಳ, ಬದುಗಳನ್ನಾದರೂ ನಮ್ಮ ಕಾಲೇಜುಗಳ ಅಧ್ಯಾಪಕರೂ ಅರಣ್ಯಾಧಿಕಾರಿಗಳೂ ಮಳೆಗಾಲಕ್ಕೊಮ್ಮೆ ಸುತ್ತಿ, ಕಂಡುದನ್ನು ಕನ್ನಡದ ಹೆಸರುಸಹಿತ ಬರೆದಿಡಲಿ. ಪರದೇಶದ ವೈದ್ಯನೊಬ್ಬನು ಹದಿನೈದು ತಿಂಗಳಲ್ಲಿ ಪರರ ನಾಡಿಗಾಗಿ ಇಷ್ಟು ಮಾಡಿರಲು, ನಾವು ನಮ್ಮ ಮನೆಯಂಗಳವನ್ನು ನೋಡಿಕೊಳ್ಳದಿದ್ದರೆ ಆ ಲೋಪಕ್ಕೆ ಬೇರೆ ಯಾರನ್ನು ದೂಷಿಸೋಣ?