ಅಕ್ಷರವರಿಯದ ಸೇನಾನಿ

ಹರಿಹರದ ಬಳಿ ತುಂಗಭದ್ರೆಯ ಪಾತ್ರ ಬಹು ವಿಶಾಲವಾದುದು. ಇಂದು ಅದನ್ನು ದಾಟಲು ಸೇತುವೆಗಳುಂಟು. ಕೆಲವೇ ನಿಮಿಷಗಳ ಪ್ರಯಾಣ ಸಾಕು. 18ನೆಯ ಶತಮಾನದಲ್ಲಿ ಅಲ್ಲಿ ಸೇತುವೆ ಇರಲಿಲ್ಲ. ಬೇಸಗೆಯಲ್ಲಿ ಹಾಯ್ಗಡವನ್ನು ಹುಡುಕಿ ನಡೆಯಬೇಕಾಗಿತ್ತು. ಮಳೆಗಾಲದಲ್ಲಿ ಹರಿಗೋಲನ್ನು ನಂಬಬೇಕಾಗಿತ್ತು. ನದಿಯ ಉತ್ತರಕ್ಕೆ ಮರಾಠರ ದಂಡು ಬಂದು ಬೀಡು ಬಿಡುತ್ತಿದ್ದ ಕಾಲವದು. ಆಚೆಯ ದಡದಲ್ಲಿ ಎಷ್ಟು ಕುದುರೆಗಳಿವೆ, ಅವು ಯಾವ ಕಡೆಗೆ ಹೊರಟಿವೆ, ಹೊಳೆ ಎಂದು ಇಳಿಯುತ್ತದೆ ಎಂಬ ಮೂರು ಸಂಗತಿಗಳನ್ನು ಮೊದಲು ತಿಳಿದವನಿಗೆ ಸಿದ್ಧನಾಗಲು ಕಾಲಾವಕಾಶ ದೊರೆಯುತ್ತಿತ್ತು. ತಡವಾಗಿ ತಿಳಿದವನ ಹಳ್ಳಿಗಳು ಬೆಂಕಿಗೆ ಆಹುತಿಯಾಗುತ್ತಿದ್ದುವು. ಈ ಸತ್ಯವನ್ನು ಅರಿತು ಸುದ್ದಿಯನ್ನೇ ಒಂದು ಆಯುಧವನ್ನಾಗಿ ಮಾಡಿಕೊಂಡ ಸೇನಾನಿ ಹೈದರಾಲಿ. ಆಶ್ಚರ್ಯವೆಂದರೆ, ತನಗೆ ಬಂದ ಒಂದು ಓಲೆಯನ್ನೂ ಅವನು ತಾನಾಗಿ ಓದಬಲ್ಲವನಾಗಿರಲಿಲ್ಲ.

ಹೈದರಾಲಿ ಹುಟ್ಟಿದ್ದು ಸುಮಾರು 1720ರ ಹೊತ್ತಿಗೆ, ಕೋಲಾರ ಸೀಮೆಯ ಬೂದಿಕೋಟೆಯಲ್ಲಿ. ಅವನ ತಂದೆ ಫತೇ ಮಹಮ್ಮದ್ ಸೈನಿಕವೃತ್ತಿಯವನು. ಮಗನು ಇನ್ನೂ ಬಾಲಕನಾಗಿದ್ದಾಗಲೇ ತಂದೆ ಶಿರಾ ಸುಬೇದಾರನ ಪರವಾಗಿ ಹೋರಾಡುತ್ತ ಮಡಿದನು. ಆಗ ದೊಡ್ಡಬಳ್ಳಾಪುರದ ಅಧಿಕಾರಿಯಾಗಿದ್ದ ಅಬ್ಬಾಸ್ ಕುಲಿಖಾನನು ತಂದೆಯಿಂದ ಬರಬೇಕಾದ ಹಣವಿದೆಯೆಂಬ ನೆಪದಿಂದ ಆ ಕುಟುಂಬದ ಸರ್ವಸ್ವವನ್ನೂ ಕಿತ್ತುಕೊಂಡನು. ಅಷ್ಟಕ್ಕೇ ತೃಪ್ತನಾಗದೆ, ಹೈದರನನ್ನೂ ಅವನ ಅಣ್ಣ ಶಹಬಾಜನನ್ನೂ ನಗಾರಿಯ ಒಡಲಿನಲ್ಲಿ ಕೂಡಿ, ಮೇಲೆ ಚರ್ಮವನ್ನು ಬಿಗಿದು, ಬಾರಿಸಿ ಹಿಂಸಿಸಿದನೆಂದು ಇತಿಹಾಸಕಾರರು ಬರೆದಿದ್ದಾರೆ. ದಂಡು ಹೊರಡಬೇಕೆಂದೂ ನಿಲ್ಲಬೇಕೆಂದೂ ಸಾರುವ ವಾದ್ಯ ನಗಾರಿ. ಮುಂದೆ ದಕ್ಷಿಣ ಭಾರತವನ್ನೇ ನಡುಗಿಸಿದ ಸೈನ್ಯದ ಒಡೆಯನು ಆ ವಾದ್ಯದ ಸದ್ದನ್ನು ಮೊದಲು ಕೇಳಿದ್ದು ಅದರೊಳಗಿನ ಕತ್ತಲೆಯಲ್ಲಿ ಕುಳಿತು! ತಾಯಿ ಮಕ್ಕಳನ್ನು ಕರೆದುಕೊಂಡು ಬಂಧುಗಳ ಆಶ್ರಯಕ್ಕೆ ಬಂದಳು. ಅಣ್ಣನು ಮೈಸೂರಿನ ಸೈನ್ಯವನ್ನು ಸೇರಿದನು. ತಮ್ಮನು ಅವನನ್ನು ಹಿಂಬಾಲಿಸಿದನು.

1749ರಲ್ಲಿ ದೇವನಹಳ್ಳಿಯ ಮುತ್ತಿಗೆ ನಡೆಯಿತು. ಅಲ್ಲಿ ಹೈದರನ ಧೈರ್ಯವನ್ನು ಕಂಡು ಮೆಚ್ಚಿದ ಸರ್ವಾಧಿಕಾರಿ ನಂಜರಾಜಯ್ಯನು ಅವನಿಗೆ ಐವತ್ತು ಕುದುರೆಗಳ ಮತ್ತು ಇನ್ನೂರು ಕಾಲಾಳುಗಳ ನಾಯಕತ್ವವನ್ನು ಕೊಟ್ಟನು. 1755ರಲ್ಲಿ ಅವನು ದಿಂಡಿಗಲ್ಲಿನ ಫೌಜುದಾರನಾದನು. ಶಾಲೆಯ ಮೆಟ್ಟಿಲನ್ನು ಹತ್ತದಿದ್ದ ಅವನಿಗೆ ಲೆಕ್ಕವನ್ನೂ ಪತ್ರವ್ಯವಹಾರವನ್ನೂ ನೋಡಿಕೊಳ್ಳಲು ನಂಬಿಕೆಯ ಜನ ಬೇಕಾಗಿದ್ದರು. ಕಾಗದಕ್ಕೆ ರುಜು ಹಾಕಬೇಕಾದಾಗ ಅವನು ತನ್ನ ಹೆಸರಿನ ಮೊದಲ ಅಕ್ಷರವನ್ನು ಮಾತ್ರ, ಅದನ್ನೂ ತಲೆಕೆಳಗಾಗಿ, ಬರೆಯುತ್ತಿದ್ದನಂತೆ. ಆದರೆ ಹಿಂದೂಸ್ಥಾನಿಯಲ್ಲದೆ ಕನ್ನಡ, ಮರಾಠಿ, ತೆಲುಗು, ತಮಿಳು ಭಾಷೆಗಳಲ್ಲಿ ನಿರರ್ಗಳವಾಗಿ ಮಾತನಾಡಬಲ್ಲವನಾಗಿದ್ದನು. ಒಮ್ಮೆ ಕೇಳಿದ ಮಾತನ್ನು, ಒಮ್ಮೆ ಕಂಡ ಮುಖವನ್ನು ಅವನು ಮರೆಯುತ್ತಿರಲಿಲ್ಲ. ಅಕ್ಷರದ ಕೊರತೆಯನ್ನು ನೆನಪಿನ ಶಕ್ತಿ ತುಂಬಿಕೊಟ್ಟಿತು.

ಸುದ್ದಿಯು ಕತ್ತಿಗಿಂತ ಹರಿತವಾದುದೆಂಬುದನ್ನು ಹೈದರಾಲಿ ಲೋಕಕ್ಕೆ ತೋರಿಸಿದ್ದು 1761ರಲ್ಲಿ. ಅವನ ಲೆಕ್ಕಪತ್ರಗಳನ್ನು ನೋಡಿಕೊಳ್ಳುತ್ತ ಮೇಲೆ ಬಂದ ಖಂಡೇರಾಯನು ಹಿಂದಿನ ವರ್ಷ ಅವನಿಗೆ ತಿರುಗಿಬಿದ್ದಿದ್ದನು. ಹೈದರನು ಶ್ರೀರಂಗಪಟ್ಟಣದಿಂದ ರಾತ್ರಿಯಲ್ಲಿ ಕಾವೇರಿಯನ್ನು ದಾಟಿ ಓಡಿಹೋಗಬೇಕಾಯಿತು. ಮತ್ತೆ ಸೈನ್ಯವನ್ನು ಕೂಡಿಸಿಕೊಂಡು ಎದುರು ನಿಂತಾಗಲೂ ಅವನ ಬಲ ಎದುರಾಳಿಯ ಬಲಕ್ಕಿಂತ ಕಡಮೆಯಾಗಿತ್ತು. ಆಗ ಅವನು ಒಂದು ಉಪಾಯ ಹೂಡಿದನು. ಖಂಡೇರಾಯನನ್ನು ಹಿಡಿದುಕೊಡಲು ಒಪ್ಪಿದ್ದಕ್ಕಾಗಿ ಅವನ ಸೇನಾನಾಯಕರಿಗೆ ನಂಜರಾಜಯ್ಯನ ಮುದ್ರೆಯಿರುವ ಕಾಗದಗಳನ್ನು ಬರೆಸಿ, ಅವು ಖಂಡೇರಾಯನ ಕೈಗೇ ಸಿಕ್ಕುವಂತೆ ಮಾಡಿದನು. ಕಾಗದವನ್ನು ಓದಿದ ಖಂಡೇರಾಯನು ತನ್ನವರೇ ತನಗೆ ದ್ರೋಹ ಬಗೆದರೆಂದು ಭಯಗೊಂಡು, ಕುದುರೆಯನ್ನೇರಿ ಪಾಳೆಯದಿಂದ ಓಡಿದನು. ನಾಯಕನಿಲ್ಲದ ಸೈನ್ಯ ಚೆದರಿತು. ಓದುಬಲ್ಲವನನ್ನು ಓದಲಾರದವನು ಕಾಗದದಿಂದಲೇ ಸೋಲಿಸಿದನು. ಆ ವರ್ಷ ಮೈಸೂರು ರಾಜ್ಯದ ಸಮಸ್ತ ಅಧಿಕಾರವೂ ಹೈದರಾಲಿಯ ಕೈಸೇರಿತು.

1763ರ ಆರಂಭದಲ್ಲಿ ಅವನು ಶಿರಾ ಮತ್ತು ಚಿತ್ರದುರ್ಗದ ಮಾರ್ಗವಾಗಿ ಬಿದನೂರಿನ ಮೇಲೆ ದಂಡೆತ್ತಿ ಹೋದನು. ಕೆಳದಿಯ ಅರಸರ ಆ ರಾಜಧಾನಿ ದಟ್ಟವಾದ ಕಾಡುಗಳ ನಡುವೆ ಇತ್ತು. ದಾರಿಯಲ್ಲಿ ಕುಂಸಿಯಲ್ಲಿ ಸೆರೆಯಲ್ಲಿದ್ದ ಬಿದನೂರಿನ ಹಿಂದಿನ ಮಂತ್ರಿಯೊಬ್ಬನನ್ನು ಹೈದರಾಲಿ ಬಿಡಿಸಿದನು. ನಗರವನ್ನು ಸೇರುವ ಗುಪ್ತಮಾರ್ಗವೊಂದನ್ನು ಆ ಮಂತ್ರಿ ತಿಳಿಸಿದನು. ಕೋಟೆಯ ಮುಂದುಗಡೆ ತೋರಿಕೆಯ ಕಾಳಗ ನಡೆಯುತ್ತಿರುವಾಗಲೇ ಮತ್ತೊಂದು ತುಕಡಿ ಆ ಮಾರ್ಗದಿಂದ ಒಳಹೊಕ್ಕಿತು. ಕೆಳದಿಯ ಅಪಾರವಾದ ಐಶ್ವರ್ಯ ವಿಜಯಿಗೆ ದೊರೆಯಿತು.

ಕೆಳದಿಯ ರಾಜ್ಯದೊಂದಿಗೆ ಹರಿಹರವೂ ಅದೇ ವರ್ಷ ಹೈದರಾಲಿಯ ವಶವಾಯಿತು. ಹರಿಹರೇಶ್ವರನ ಪುರಾತನ ದೇವಾಲಯವಿರುವ ಆ ಊರು ಅಂದಿನಿಂದ ಮೈಸೂರಿನ ಉತ್ತರದ ಹೆಬ್ಬಾಗಿಲಾಯಿತು. ಹೆಬ್ಬಾಗಿಲಿಗೆ ಪೆಟ್ಟು ಹೆಚ್ಚು. ಮುಂದಿನ ವರ್ಷಗಳಲ್ಲಿ ಮರಾಠರು ಮೂರು ಬಾರಿ ಹರಿಹರವನ್ನು ಹಿಡಿದರು. 1764ರಲ್ಲಿ ಹೊಳೆಯ ಆಚೆ ರಟ್ಟಿಹಳ್ಳಿಯ ಬಳಿ ಪೇಶ್ವೆ ಮಾಧವರಾಯನಿಂದ ಹೈದರಾಲಿ ದೊಡ್ಡ ಸೋಲನ್ನು ಅನುಭವಿಸಿದನು. ಹರಿಹರದ ನೆರೆಯಲ್ಲಿದ್ದ ದಾವಣಗೆರೆ ಆಗ ಒಂದು ಸಣ್ಣ ಹಳ್ಳಿ. ಅದನ್ನು ಹೈದರಾಲಿ ಅಪ್ಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು. ಅಪ್ಪೋಜಿರಾಮನು ವರ್ತಕರನ್ನು ಕರೆತಂದು ನೆಲೆಗೊಳಿಸಿ ಪೇಟೆಯನ್ನು ಬೆಳೆಸಿದನು. ಪೇಟೆ ಬೆಳೆದಲ್ಲಿ ದಾರಿಗಳು ಕೂಡುತ್ತವೆ. ದಾರಿಗಳು ಕೂಡಿದಲ್ಲಿ ಸುದ್ದಿ ಬಂದು ಸೇರುತ್ತದೆ. ಇಂದಿನ ದಾವಣಗೆರೆ ಮಹಾನಗರದ ವ್ಯಾಪಾರಕ್ಕೆ ಬೀಜ ಬಿದ್ದದ್ದು ಆ ದಿನಗಳಲ್ಲಿ.

ಇಷ್ಟು ವಿಸ್ತಾರವಾದ ರಾಜ್ಯವನ್ನು ಒಬ್ಬ ಮನುಷ್ಯನು ಕಣ್ಣಿನಿಂದ ನೋಡಿ ಆಳಲಾರನು. ದೂರದ ಕಣ್ಣಾಗಿ ಹೈದರಾಲಿಗೆ ಒದಗಿದ್ದು ಅಂಚೆ. ಮೈಸೂರಿನಲ್ಲಿ ಅಂಚೆಯ ವ್ಯವಸ್ಥೆಯನ್ನು ಮೊದಲು ಏರ್ಪಡಿಸಿದವನು ಚಿಕ್ಕದೇವರಾಜ ಒಡೆಯ. ಆ ಅಂಚೆ ಕಾಗದವನ್ನು ಸಾಗಿಸುವುದಕ್ಕಷ್ಟೇ ಸೀಮಿತವಾಗಿರಲಿಲ್ಲ. ಸೀಮೆಯಲ್ಲಿ ನಡೆಯುವ ಸಂಗತಿಗಳನ್ನು ಅಂಚೆಯ ಅಧಿಕಾರಿಗಳು ಗುಟ್ಟಾಗಿ ದೊರೆಗೆ ತಿಳಿಸುತ್ತಿದ್ದರು. ಹೈದರಾಲಿ ಆ ಹಳೆಯ ವ್ಯವಸ್ಥೆಯನ್ನು ತನ್ನ ಯುದ್ಧಗಳ ಅಗತ್ಯಕ್ಕೆ ತಕ್ಕಂತೆ ಬಿಗಿಗೊಳಿಸಿದನು. ಕಾಲಾಳು ಅಂಚೆಯವರ ಜೊತೆಗೆ ಕುದುರೆ ಸವಾರರೂ ಒಂಟೆ ಸವಾರರೂ ಓಲೆಗಳನ್ನು ಹೊತ್ತರು. ಶತ್ರುವಿನ ಪಾಳೆಯದಲ್ಲಿ ಬೇಹುಗಾರರೂ ಹರಿಕಾರರೂ ವೇಷ ಮರೆಸಿಕೊಂಡು ಇರುತ್ತಿದ್ದರು.

ಬಂದ ಸುದ್ದಿಯನ್ನು ಅವನು ಬಳಸುತ್ತಿದ್ದ ರೀತಿಯೂ ಗಮನಾರ್ಹವಾದುದು. ದರ್ಬಾರಿನಲ್ಲಿ ಒಬ್ಬ ಮುನ್ಷಿ ಕಾಗದವನ್ನು ಓದುತ್ತಿದ್ದರೆ ಅವನು ಕೇಳುತ್ತಿದ್ದನು. ಇನ್ನೊಬ್ಬನಿಗೆ ಉತ್ತರದ ಸಾರಾಂಶವನ್ನು ಹೇಳುತ್ತಿದ್ದನು. ನಡುವೆ ಬೇಹುಗಾರನ ವರದಿಗೂ ಕಿವಿಗೊಡುತ್ತಿದ್ದನು. ಯಾವ ಸುದ್ದಿಯೂ ಮೂಲೆಯಲ್ಲಿ ಬಿದ್ದು ಹಳಸುತ್ತಿರಲಿಲ್ಲ. ತಿಳಿಯುವುದಕ್ಕೂ ತೀರ್ಮಾನಿಸುವುದಕ್ಕೂ ನಡುವಣ ಅವಧಿಯನ್ನು ಕಡಮೆ ಮಾಡುವುದೇ ಯುದ್ಧದಲ್ಲಿ ಗೆಲುವಿನ ಗುಟ್ಟು ಎಂಬುದು ಅವನಿಗೆ ಯಾರೂ ಕಲಿಸದೆ ತಿಳಿದಿತ್ತು.

ಆದರೆ ಈ ಕಣ್ಣು ಶತ್ರುವನ್ನು ಮಾತ್ರ ನೋಡುತ್ತಿರಲಿಲ್ಲ, ಪ್ರಜೆಗಳನ್ನೂ ನೋಡುತ್ತಿತ್ತು. ಬಿದನೂರನ್ನು ಗೆದ್ದ ವರ್ಷದಲ್ಲಿಯೇ ತನ್ನ ವಿರುದ್ಧ ಒಳಸಂಚು ನಡೆದಿದೆಯೆಂದು ತಿಳಿದಾಗ ಅವನು ನೂರಾರು ಮಂದಿಯನ್ನು ಗಲ್ಲಿಗೇರಿಸಿದನು. ಅವನ ಅಧಿಕಾರಿಗಳು ಕೊರಡೆಯ ಏಟಿಗೆ ಅಂಜಿಯೇ ಬಾಳುತ್ತಿದ್ದರು. ಸುದ್ದಿಯನ್ನು ತರುವ ಅಂಚೆ ಭಯವನ್ನೂ ಹೊತ್ತು ತರುತ್ತಿತ್ತು ಎಂಬುದನ್ನು ಮರೆಯಬಾರದು. ಆಯುಧ ಯಾವುದೇ ಇರಲಿ, ಅದಕ್ಕೆ ಎರಡು ಅಲಗುಗಳು.

ಇಂಗ್ಲಿಷರೊಡನೆ ನಡೆದ ಮೊದಲ ಯುದ್ಧದ ಕೊನೆಯಲ್ಲಿ, 1769ರ ಮಾರ್ಚಿ ತಿಂಗಳಿನಲ್ಲಿ, ಹೈದರಾಲಿ ತನ್ನ ದೊಡ್ಡ ಸೈನ್ಯವನ್ನೂ ಭಾರವಾದ ಸಾಮಾನುಗಳನ್ನೂ ಹಿಂದಕ್ಕೆ ಕಳುಹಿಸಿದನು. ಸುಮಾರು ಆರು ಸಾವಿರ ಕುದುರೆ ಸವಾರರನ್ನೂ ಇನ್ನೂರು ಕಾಲಾಳುಗಳನ್ನೂ ಮಾತ್ರ ಆರಿಸಿಕೊಂಡು ಮೂರೂವರೆ ದಿನಗಳಲ್ಲಿ 130 ಮೈಲಿ ನಡೆದು ಮದರಾಸಿನ ಹೊರವಲಯದಲ್ಲಿ ಕಾಣಿಸಿಕೊಂಡನು. ಅವನನ್ನು ಅರಸುತ್ತಿದ್ದ ಇಂಗ್ಲಿಷ್ ಸೈನ್ಯ ಹಿಂದೆಲ್ಲೋ ಉಳಿಯಿತು. ಮದರಾಸಿನ ಆಡಳಿತಗಾರರು ಏಪ್ರಿಲ್ ತಿಂಗಳಿನಲ್ಲಿ ಅವನೊಡನೆ ಸಂಧಿ ಮಾಡಿಕೊಂಡರು.

ಎರಡು ವರ್ಷಗಳ ತರುವಾಯ ಅದೇ ವಿದ್ಯೆ ಅವನಿಗೆ ಕೈಕೊಟ್ಟಿತು. 1771ರ ಮಾರ್ಚಿಯಲ್ಲಿ ಮೇಲುಕೋಟೆಯ ಬಳಿ ಮರಾಠರ ನಡುವೆ ಸಿಕ್ಕಿಕೊಂಡ ಅವನ ಸೈನ್ಯ ರಾತ್ರಿಯಲ್ಲಿ ಸದ್ದಿಲ್ಲದೆ ಶ್ರೀರಂಗಪಟ್ಟಣದ ಕಡೆಗೆ ಹೊರಟಿತು. ನಡುದಾರಿಯಲ್ಲಿ ಅವನದೇ ಫಿರಂಗಿಯೊಂದು ಸಿಡಿಯಿತು. ಆ ಒಂದು ಸದ್ದು ಗುಟ್ಟನ್ನು ಬಯಲುಮಾಡಿತು. ಮರಾಠರು ಬೆನ್ನಟ್ಟಿ ಬಂದರು. ಚಿನಕುರಳಿಯ ಬಳಿ ಮೈಸೂರಿನ ಸೈನ್ಯ ಧೂಳೀಪಟವಾಯಿತು; ಹೈದರಾಲಿ ತಲೆತಪ್ಪಿಸಿಕೊಂಡು ರಾಜಧಾನಿಯನ್ನು ಸೇರಿದನು.

1780ರಲ್ಲಿ ಅವನು ಮತ್ತೆ ಕರ್ನಾಟಿಕ್ ಸೀಮೆಗೆ ಇಳಿದನು. ಬಂದ ಎಚ್ಚರಿಕೆಗಳನ್ನು ಮದರಾಸಿನ ಸರ್ಕಾರ ಲಕ್ಷಿಸಲಿಲ್ಲ. ಪರಂಗಿಮಲೆಯಿಂದ ಹಳ್ಳಿಗಳು ಉರಿಯುವ ಹೊಗೆ ಕಂಡಾಗಲೇ ಅದು ನಂಬಿತು. ಮನ್ರೋ ಎಂಬ ಸೇನಾಪತಿ ಕಂಚಿಯಲ್ಲಿದ್ದನು. ಬೈಲಿ ಎಂಬುವನು ಗುಂಟೂರಿನಿಂದ ಅವನನ್ನು ಕೂಡಿಕೊಳ್ಳಲು ಬರುತ್ತಿದ್ದನು. ನಡುವೆ ಹೊಳೆಯೊಂದು ತುಂಬಿ ಬೈಲಿಯನ್ನು ಹಲವು ದಿನ ತಡೆಯಿತು. ಕೊನೆಗೆ ಇಬ್ಬರ ನಡುವೆ ಒಂದು ದಿನದ ನಡಿಗೆಯಷ್ಟು ದೂರ ಉಳಿಯಿತು. ಆದರೂ ಅವರು ಕೂಡಲಾರದೆ ಹೋದರು. ಇಂಗ್ಲಿಷರ ಹರಿಕಾರರಲ್ಲಿ ಅನೇಕರು ಹೈದರಾಲಿಯ ಹಣವನ್ನುಂಡವರು. ಒಂದು ಪಾಳೆಯದಿಂದ ಇನ್ನೊಂದಕ್ಕೆ ಹೊರಟ ಸುದ್ದಿ ಅವನ ಕಿವಿಗೆ ಬೀಳುತ್ತಿತ್ತು. ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಬೈಲಿಯ ಪಡೆ ಸುತ್ತುವರಿಯಲ್ಪಟ್ಟಿತು. ಅದರ ಮದ್ದಿನ ಬಂಡಿಗಳು ಸ್ಫೋಟಗೊಂಡುವು. ಗುಂಡಿನ ಸದ್ದು ಕೇಳಿ ಮನ್ರೋ ಹೊರಟನಾದರೂ ಸಕಾಲಕ್ಕೆ ಮುಟ್ಟಲಿಲ್ಲ. ಬೈಲಿ ಸೆರೆಸಿಕ್ಕಿದನು, ಅವನ ಸಾವಿರಾರು ಸೈನಿಕರಲ್ಲಿ ಹೆಚ್ಚಿನವರು ಸತ್ತರು ಇಲ್ಲವೆ ಸೆರೆಯಾದರು. ಅವರಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ. ನಂಬಬಹುದಾದ ಸುದ್ದಿಗೆ ಕೊರತೆಯಿತ್ತು.

ಯುದ್ಧ ಇನ್ನೂ ನಡೆಯುತ್ತಿರುವಾಗಲೇ ಹೈದರಾಲಿ ಬೆನ್ನುಹುಣ್ಣಿನಿಂದ ಹಾಸಿಗೆ ಹಿಡಿದನು. 1782ರ ಡಿಸೆಂಬರ್ 7ರಂದು ಚಿತ್ತೂರಿನ ಸಮೀಪದ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ಪ್ರಾಣಬಿಟ್ಟನು. ಆಗ ಅವನ ಮಗ ಟಿಪ್ಪು ಇದ್ದದ್ದು ನೂರಾರು ಮೈಲಿ ದೂರದ ಮಲಬಾರಿನ ಪೊನ್ನಾನಿಯ ಬಳಿ. ದೊರೆ ಸತ್ತನೆಂದು ತಿಳಿದರೆ ದೊಡ್ಡ ಸೈನ್ಯವೊಂದು ಒಂದೇ ರಾತ್ರಿಯಲ್ಲಿ ಚೆದರಬಹುದಾಗಿತ್ತು. ರಾಜ್ಯ ಶತ್ರುವಿನ ಪಾಲಾಗಬಹುದಾಗಿತ್ತು. ಪೂರ್ಣಯ್ಯ, ಕೃಷ್ಣರಾಯ ಮೊದಲಾದ ಮಂತ್ರಿಗಳು ಸುದ್ದಿಯನ್ನು ಬಚ್ಚಿಟ್ಟರು. ಹೈದರಾಲಿಯ ದೇಹವನ್ನು ಪೆಟ್ಟಿಗೆಯಲ್ಲಿರಿಸಿ, ಬೊಕ್ಕಸವನ್ನು ಸಾಗಿಸುವಂತೆ ಕಾವಲಿನೊಡನೆ ಕೋಲಾರಕ್ಕೆ ಕಳುಹಿಸಿದರು. ಪಾಳೆಯದಲ್ಲಿ ದೊರೆ ಬದುಕಿರುವಂತೆಯೇ ನಿತ್ಯದ ಕೆಲಸಗಳು ನಡೆದುವು. ಟಿಪ್ಪುವಿನ ತಮ್ಮನನ್ನು ಪಟ್ಟಕ್ಕೆ ತರಬೇಕೆಂದು ಹೊಂಚಿದವರನ್ನು ಹಿಡಿದು ದೂರ ಸಾಗಿಸಿದರು.

ಅದೇ ಹೊತ್ತಿನಲ್ಲಿ ಓಲೆ ಟಿಪ್ಪುವಿನ ಕಡೆಗೆ ಧಾವಿಸುತ್ತಿತ್ತು. ಬಯಲು ಸೀಮೆಯನ್ನೂ ಘಟ್ಟಗಳನ್ನೂ ದಾಟಿ ಅದು ನಾಲ್ಕೇ ದಿನಗಳಲ್ಲಿ ಅವನನ್ನು ಮುಟ್ಟಿತು. ಟಿಪ್ಪು ಮಲಬಾರಿನ ಕಾಳಗವನ್ನು ಬಿಟ್ಟು ಹೊರಟು, ತಿಂಗಳು ತುಂಬುವುದರೊಳಗಾಗಿ ತಂದೆಯ ಪಾಳೆಯವನ್ನು ಸೇರಿದನು. ಸೈನ್ಯ ಒಡೆಯದೆ ಅವನನ್ನು ಎದುರುಗೊಂಡಿತು. ಮದರಾಸಿಗೂ ಸಾವಿನ ಸುದ್ದಿ ಬೇಗನೆ ತಲಪಿತ್ತು. ಆದರೆ ಅಲ್ಲಿಯ ಸೇನಾಪತಿ ಅದನ್ನು ನಂಬದೆ ಕೈಕಟ್ಟಿ ಕುಳಿತನು. ಹೈದರಾಲಿ ಕಟ್ಟಿದ ವ್ಯವಸ್ಥೆ ಸಾಗಿಸಿದ ಓಲೆಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ಅವನ ಸಾವಿನ ಓಲೆಯೇ ಆಯಿತು. ಕಟ್ಟಿದವನು ಇಲ್ಲವಾದ ದಿನವೂ ಅದು ತನ್ನ ಕೆಲಸವನ್ನು ಮಾಡಿತು.

ಕಾಲ ಬದಲಾಯಿತು. 1803ರಲ್ಲಿ ಇಂಗ್ಲಿಷರ ಮದರಾಸು ಸೈನ್ಯ ಮರಾಠರ ಮೇಲಿನ ದಂಡಯಾತ್ರೆಗಾಗಿ ನೆರೆದದ್ದು ಹರಿಹರದಲ್ಲಿಯೇ. ಮೈಸೂರಿನ ಅಂಚೆ 1889ರಲ್ಲಿ ಇಂಡಿಯಾ ಸರ್ಕಾರದ ಅಂಚೆಯೊಡನೆ ಲೀನವಾಯಿತು. ಓಟದ ಹರಿಕಾರನ ಸ್ಥಾನಕ್ಕೆ ತಂತಿ ಬಂದಿತು. ತಂತಿಯ ಸ್ಥಾನಕ್ಕೆ ನಿಸ್ತಂತು ಬಂದಿತು. ಇಂದು ಆಕಾಶದ ಉಪಗ್ರಹಗಳು ಕ್ಷಣಾರ್ಧದಲ್ಲಿ ಸುದ್ದಿಯನ್ನು ಸೈನಿಕನ ಕಿವಿಗೆ ಮುಟ್ಟಿಸುತ್ತವೆ. ಸಲಕರಣೆ ಎಷ್ಟು ಬದಲಾದರೂ ತುಂಗಭದ್ರೆಯ ದಡದ ಕಾವಲುಗಾರನು ಕೇಳುತ್ತಿದ್ದ ಪ್ರಶ್ನೆಗಳು ಬದಲಾಗಿಲ್ಲ. ಸುದ್ದಿ ನಿಜವೇ? ಅದು ಸಕಾಲಕ್ಕೆ ಬಂದಿತೇ? ಅದನ್ನು ತಂದವನು ನಂಬಿಕೆಗೆ ಅರ್ಹನೇ? ಅಕ್ಷರವರಿಯದ ಹೈದರಾಲಿ ಈ ಮೂರು ಪ್ರಶ್ನೆಗಳನ್ನು ಬಾಳಿನುದ್ದಕ್ಕೂ ಕೇಳುತ್ತಿದ್ದನು. ಉತ್ತರ ಸರಿಯಾಗಿ ದೊರೆತಾಗ ಗೆದ್ದನು, ತಪ್ಪಿದಾಗ ಸೋತನು.