ಜೋಯಿಡಾದ ಟವರ್ ಮತ್ತು ನಾವು ಮರೆತ ರಾಜೇಶ್ವರಿ ಚಟರ್ಜಿ

ದಾಂಡೇಲಿ ದಾಟಿ ಜೋಯಿಡಾದ ಕಾಡಿನೊಳಗೆ ಹೋದಹಾಗೆ ಮೊಬೈಲ್ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಮಾಯವಾಗುತ್ತವೆ. ಒಂದು ಫೋನ್ ಮಾಡಬೇಕಂದ್ರೂ ಗುಡ್ಡ ಹತ್ತಬೇಕಾದ ಊರುಗಳಿವೆ. ಟವರ್ ಮೇಲೆ ತಮಟೆಯಂಥ ದುಂಡನೆಯದೊಂದನ್ನು ನೀವು ನೋಡಿರ್ತೀರಿ. ಅದು ಒಂದು ಟವರಿನಿಂದ ಇನ್ನೊಂದಕ್ಕೆ ಮೈಕ್ರೋವೇವ್ ಕಳಿಸುವ ಆಂಟೆನಾ. ನಡುವೆ ಗುಡ್ಡ ಬಂದರೆ ಸಂಪರ್ಕ ಹೋಯಿತು.

ಹಳಿಯಾಳದವನಾದ ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಮೈಕ್ರೋವೇವ್ ಪೇಪರ್ ಪಾಸಾಗೋಕೆ ಸೂತ್ರಗಳನ್ನು ಬಾಯಿಪಾಠ ಮಾಡಿದ್ದೆ. ಈ ವಿದ್ಯೆಯನ್ನು ಬೆಂಗಳೂರಿನಲ್ಲಿ ಬೇರೂರಿಸಿದವರಲ್ಲಿ ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಇದ್ದರು ಅನ್ನೋದು ಮಾತ್ರ ಗೊತ್ತೇ ಇರಲಿಲ್ಲ.

ರಾಜೇಶ್ವರಿ ಹುಟ್ಟಿದ್ದು 1922ರಲ್ಲಿ. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಪದವೀಧರೆಯರಲ್ಲಿ ಒಬ್ಬರು, ವಿಧವೆಯರ ಮತ್ತು ಗಂಡ ಬಿಟ್ಟ ಹೆಂಗಸರ ಓದಿಗಾಗಿ ದುಡಿದವರು. ಮೊಮ್ಮಗಳು ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಎಂಎಸ್ಸಿ ಮುಗಿಸಿ 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಹೆಣ್ಣು ಅನ್ನೋ ಕಾರಣಕ್ಕೆ ಕಮಲಾ ಸೊಹೊನಿಯವರಿಗೆ ಅದೇ ಸಂಸ್ಥೆ ಮೊದಲು ಬಾಗಿಲು ಮುಚ್ಚಿ ಆಗಿನ್ನೂ ಹತ್ತು ವರ್ಷ.

ಮಹಾಯುದ್ಧ ಮುಗಿದ ಮೇಲೆ ಸರ್ಕಾರಿ ವಿದ್ಯಾರ್ಥಿವೇತನ ಸಿಕ್ಕಿತು. ಅಮೆರಿಕದ ಮಿಷಿಗನ್‌ನಲ್ಲಿ ಮಾಸ್ಟರ್ಸ್, ವಾಷಿಂಗ್ಟನ್‌ನಲ್ಲಿ ಎಂಟು ತಿಂಗಳ ತರಬೇತಿ, ಮತ್ತೆ ಮಿಷಿಗನ್‌ನಲ್ಲಿ ಪಿಎಚ್‌ಡಿ. 1953ರಲ್ಲಿ ವಾಪಸ್ ಬಂದು ಅದೇ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾಗಿ, ಇಬ್ಬರೂ ಸೇರಿ ಮೈಕ್ರೋವೇವ್ ಪ್ರಯೋಗಾಲಯ ಕಟ್ಟಿದರು. ರಾಡಾರ್‌ಗೂ ಸಂಪರ್ಕಕ್ಕೂ ಬೇಕಾಗಿದ್ದ ವಿದ್ಯೆ ಇದು. ಹೆಚ್ಚೂಕಡಿಮೆ ಅದೇ ಕಾಲಕ್ಕೆ, 1957ರಲ್ಲಿ, ಚೀನಾದ ಲಿನ್ ಲಾನ್‌ಯಿಂಗ್ ಕೂಡ ಅಮೆರಿಕದ ಪಿಎಚ್‌ಡಿ ಹಿಡಿದು ತಾಯ್ನಾಡಿಗೆ ಮರಳಿ, ಅಲ್ಲಿನ ಅರೆವಾಹಕ ಸಂಶೋಧನೆಗೆ ಅಡಿಪಾಯ ಹಾಕಿದರು.

ರಾಜೇಶ್ವರಿಯವರ ಕೈಕೆಳಗೆ 20 ಮಂದಿ ಪಿಎಚ್‌ಡಿ ಮಾಡಿದರು. ಆಂಟೆನಾ ಮತ್ತು ಮೈಕ್ರೋವೇವ್ ಬಗ್ಗೆ ಪುಸ್ತಕಗಳನ್ನು ಬರೆದರು. ಇಲಾಖೆಯ ಮುಖ್ಯಸ್ಥೆಯಾದರು. 1982ರಲ್ಲಿ ನಿವೃತ್ತರಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಿಲ್ಲ, ಭಾರತೀಯ ಮಹಿಳಾ ಅಧ್ಯಯನ ಸಂಘದ ಜೊತೆ ದುಡಿದರು. ತೀರಿಕೊಂಡಿದ್ದು 2010ರ ಸೆಪ್ಟೆಂಬರ್ 3ರಂದು. ಅದು ನಾನು ಡಿಗ್ರಿ ಮುಗಿಸಿದ ವರ್ಷ. ಅಂದ್ರೆ ನಾನು ಆ ಸೂತ್ರಗಳನ್ನು ಉರು ಹೊಡೆಯುತ್ತಿದ್ದಾಗ ಅವರಿನ್ನೂ ಬದುಕಿದ್ದರು. ಹೋಗಿ ಮಾತಾಡಿಸಬಹುದಿತ್ತು.

ಈಗ ಮಹಿಳಾ ದಿನ ಬಂದಾಗ ಅವರ ಫೋಟೋ ಹಾಕಿ ಮೊದಲ ಮಹಿಳೆ ಅಂತ ಹೊಗಳ್ತೀವಿ. ಅವರ ಪ್ರತಿಭೆ ದೊಡ್ಡದು, ಸಂದೇಹವಿಲ್ಲ. ಆದರೆ ಅದಕ್ಕೆ ದಾರಿ ಮಾಡಿಕೊಟ್ಟದ್ದು ಹೆಣ್ಣುಮಕ್ಕಳು ಓದಲಿ ಅಂದ ಅಜ್ಜಿ, ಸಾರ್ವಜನಿಕ ದುಡ್ಡಿನ ವಿದ್ಯಾರ್ಥಿವೇತನ, ವಾಪಸ್ ಬಂದಾಗ ಕೆಲಸ ಕೊಟ್ಟ ಸಂಸ್ಥೆ. ಈ ಮೂರರಲ್ಲಿ ಒಂದು ತಪ್ಪಿದ್ದರೂ ಈ ಕತೆ ಇರುತ್ತಿರಲಿಲ್ಲ.

ಜೋಯಿಡಾದಲ್ಲೋ ಮುಂಡಗೋಡಿನಲ್ಲೋ ಗಣಿತ ಚೆನ್ನಾಗಿ ಬರುವ ಹುಡುಗಿಯೊಬ್ಬಳು ಇವತ್ತೂ ಇರ್ತಾಳೆ. ಮನೆಯಲ್ಲಿ ಅಂಥ ಅಜ್ಜಿ ಇರಬಹುದು. ಉಳಿದೆರಡನ್ನು ಕೊಡಬೇಕಾದವರು ಯಾರು ಅಂತ ನಾವು ವೋಟು ಕೇಳಲು ಬಂದವರನ್ನು ಕೇಳಬೇಕು.